ಹೈದರಾಬಾದಿನ ಆಯೋಗಕ್ಕೆ ಕಾಣದ ಗ್ರಂಥಿ

1889ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಹೆಸರಾಂತ ವೈದ್ಯ ಥಾಮಸ್ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದಿಳಿದರು. ಅವರನ್ನು ಆಯ್ದು ಕಳಿಸಿದ್ದು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆ. ಆ ಖರ್ಚಿಗೆಂದು ಒಂದು ಸಾವಿರ ಪೌಂಡ್ ಕೊಟ್ಟದ್ದು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ. ಆ ಖಜಾನೆಗೆ ಆಗ ರಾಯಚೂರು, ಕಲಬುರಗಿ, ಬೀದರಿನ ರೈತರು ಕಟ್ಟಿದ ಕಂದಾಯವೂ ಸೇರುತ್ತಿತ್ತು. ಬ್ರಂಟನ್ ಅರಮನೆಯ ಯಾರದೋ ಕಾಯಿಲೆ ನೋಡಲು ಬಂದವರಲ್ಲ. ನಲವತ್ತು ವರ್ಷಗಳಿಂದ ಯುರೋಪಿನ ವೈದ್ಯರನ್ನು ಕಾಡುತ್ತಿದ್ದ ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಲು ಬಂದಿದ್ದರು. ಕ್ಲೋರೋಫಾರ್ಮ್ ಮೂಸಿದವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಾರಲ್ಲ, ಅವರು ಸಾಯುವುದು ಉಸಿರು ನಿಂತೋ, ಹೃದಯ ನಿಂತೋ?

ಎರಡು ತಿಂಗಳು ಕೆಲಸ ನಡೆಯಿತು. ನಾಯಿ, ಕೋತಿ, ಮೇಕೆ, ಬೆಕ್ಕು, ಕುದುರೆ, ಮೊಲ ಎಲ್ಲ ಸೇರಿ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗವಾಯಿತು. ಕೊನೆಗೆ ಲಂಡನ್ನಿಗೆ ತಂತಿ ಹೋಯಿತು: ಅಪಾಯ ಇರುವುದು ಉಸಿರು ಕಟ್ಟುವುದರಲ್ಲಿ, ಇಲ್ಲವೇ ಪ್ರಮಾಣ ಮೀರುವುದರಲ್ಲಿ, ಹೃದಯಕ್ಕೆ ನೇರವಾಗಿ ಯಾವ ಕೇಡೂ ಇಲ್ಲ.

ಆ ತೀರ್ಮಾನ ತಪ್ಪಾಗಿತ್ತು. ಸರಿಯಾದ ಉತ್ತರದ ಮುಖ್ಯ ಭಾಗ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ನಾಲ್ಕೈದು ಗ್ರಾಂ ತೂಕದ ಒಂದು ಜೊತೆ ಗ್ರಂಥಿಗಳಲ್ಲಿತ್ತು. ಅವು ಏನನ್ನು ಸುರಿಸುತ್ತವೆ, ಯಾರ ಅಪ್ಪಣೆಗೆ ಸುರಿಸುತ್ತವೆ ಎಂಬುದು ಆಗ ಭೂಮಿಯ ಮೇಲೆ ಯಾರಿಗೂ ತಿಳಿದಿರಲಿಲ್ಲ. ಆದರೂ ಹೈದರಾಬಾದಿನ ವರದಿಯಲ್ಲಿ ಒಂದು ಸೂಚನೆ ಇತ್ತು. ಅದು ಮಾತ್ರ ಸರಿಯಾಗಿತ್ತು. ಅದು ಯಾಕೆ ಸರಿ ಎಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಕಾಲ್ಬೆರಳ ಉಗುರು

1847ರ ನವೆಂಬರ್‌ನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಈಥರ್‌ಗಿಂತ ಇದು ಬೇಗ ಮಂಪರು ತರಿಸುತ್ತಿತ್ತು, ವಾಸನೆಯೂ ಹಿತ. ಕೆಲವೇ ವಾರಗಳಲ್ಲಿ ಅದು ಎಲ್ಲೆಡೆ ಹರಡಿತು. ಮೂರು ತಿಂಗಳು ತುಂಬುವುದರೊಳಗೆ ಮೊದಲ ಸಾವೂ ಆಯಿತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ವಿನ್ಲಾಟನ್ ಊರಿನಲ್ಲಿ ಹನ್ನಾ ಗ್ರೀನರ್ ಎಂಬ ಹದಿನೈದರ ಹುಡುಗಿಯ ಕಾಲ್ಬೆರಳಿನ ಉಗುರು ಕೀಳಬೇಕಿತ್ತು. ಹುಡುಗಿ ಮೊದಲಿನಿಂದಲೂ ಹೆದರಿ ಅಳುತ್ತಿದ್ದಳು. ಬಟ್ಟೆಗೆ ಹನಿಸಿದ ಕ್ಲೋರೋಫಾರ್ಮನ್ನು ಮೂಗಿಗೆ ಹಿಡಿದರು. ಕತ್ತರಿ ತಾಗಿದಾಗ ಒಮ್ಮೆ ಅದುರಿದಳು. ಎರಡು ಮೂರು ನಿಮಿಷಗಳಲ್ಲಿ ಎಲ್ಲ ಮುಗಿದಿತ್ತು.

ಮುಂದಿನ ಸಾವುಗಳೂ ಹೆಚ್ಚುಕಡಿಮೆ ಇದೇ ಬಗೆಯವು. ಲಂಡನ್ನಿನ ಜಾನ್ ಸ್ನೋ, ಕಾಲರಾ ನೀರಿನಿಂದ ಹರಡುತ್ತದೆ ಎಂದು ತೋರಿಸಿದ ಅದೇ ಸ್ನೋ, ಇಂಥ ಐವತ್ತು ಸಾವುಗಳ ವಿವರ ಕೂಡಿಸಿದರು. 1858ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಅವೆಲ್ಲ ಇವೆ. ಓದುತ್ತ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಕಾಲು ಕಡಿಯುವಂಥ ದೊಡ್ಡ ಶಸ್ತ್ರಕ್ರಿಯೆ ಮಾಡಿಸಿಕೊಂಡ ಮುದುಕರು ಬದುಕುತ್ತಾರೆ; ಹಲ್ಲು ಕೀಳಿಸಲು, ಉಗುರು ತೆಗೆಸಲು ಬಂದ ಗಟ್ಟಿಮುಟ್ಟು ಯುವಕರು ಸಾಯುತ್ತಾರೆ. ಅದೂ ಆಳವಾದ ಮಂಪರಿನಲ್ಲಿ ಅಲ್ಲ, ಶುರುವಿನಲ್ಲೇ. ಪ್ರಮಾಣ ಮೀರಿದ್ದೇ ಕಾರಣವಾಗಿದ್ದರೆ ಲೆಕ್ಕ ತಿರುಗಾಮುರುಗಾ ಇರಬೇಕಿತ್ತು.

ವೈದ್ಯರು ಎರಡು ಪಂಗಡವಾದರು. ಹೃದಯವೇ ನಿಲ್ಲುತ್ತದೆ, ಆದ್ದರಿಂದ ನಾಡಿಯ ಮೇಲೆ ಬೆರಳಿಡಿ ಎಂದಿತು ಲಂಡನ್. ಉಸಿರು ಕಾಯ್ದರೆ ಸಾಕು, ನಾಡಿಯ ಗೊಡವೆ ಬೇಡ ಎಂದಿತು ಎಡಿನ್‌ಬರೋ. ಅಲ್ಲಿನ ಶಸ್ತ್ರವೈದ್ಯ ಜೇಮ್ಸ್ ಸೈಮ್ ಹಾಗೆಯೇ ಕಲಿಸುತ್ತಿದ್ದರು. ಸೈಮ್ ಅವರ ಶಿಷ್ಯರಲ್ಲಿ ಎಡ್ವರ್ಡ್ ಲಾರೀ ಎಂಬವರು ಭಾರತಕ್ಕೆ ಬಂದು ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆದರು. 1846ರಲ್ಲಿ ಶುರುವಾಗಿದ್ದ ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥರೂ ಆದರು. ಇಂದಿನ ಉಸ್ಮಾನಿಯಾ ವೈದ್ಯಕೀಯ ಕಾಲೇಜಿನ ಮೂಲ ಆ ಶಾಲೆಯೇ.

ನಿಜಾಮನ ಎರಡು ಆಯೋಗಗಳು

ಲಾರೀ ಸಾವಿರಾರು ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡಿಸಿದ್ದರು. ಗುರುವಿನ ಪಾಠ ಸರಿ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವರ ಕಾಲದಲ್ಲಿ ಆ ಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದೂನ್‌ಜಿ ಮುಂದೆ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡರು. ಜಗತ್ತಿನ ಮೊತ್ತಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರೊಬ್ಬರು.

1888ರಲ್ಲಿ ಲಾರೀ ನಿಜಾಮರ ನೆರವಿನಿಂದ ಮೊದಲ ಆಯೋಗವನ್ನು ಮಾಡಿಸಿದರು. ಪ್ಯಾಟ್ರಿಕ್ ಹೆಹಿರ್ ಅದರ ಮುಖ್ಯಸ್ಥರು. ನೂರಕ್ಕೂ ಹೆಚ್ಚು ಬೀದಿನಾಯಿಗಳಿಗೆ ಸಾಯುವ ತನಕ ಕ್ಲೋರೋಫಾರ್ಮ್ ಕೊಟ್ಟು ನೋಡಿದರು. ಎಲ್ಲದರಲ್ಲೂ ಮೊದಲು ನಿಂತದ್ದು ಉಸಿರು, ಆಮೇಲೆ ಹೃದಯ. 'ಲ್ಯಾನ್ಸೆಟ್' ಇದನ್ನು ಒಪ್ಪಲಿಲ್ಲ. ಗ್ಲಾಸ್ಗೋದ ಒಂದು ಸಮಿತಿ ಕೆಲವೇ ವರ್ಷಗಳ ಹಿಂದೆ ಇದಕ್ಕೆ ತದ್ವಿರುದ್ಧ ಹೇಳಿತ್ತು: ಕ್ಲೋರೋಫಾರ್ಮ್ ಮೂಸಿದ ಪ್ರಾಣಿಯ ರಕ್ತದೊತ್ತಡ ಒಮ್ಮೊಮ್ಮೆ ದಿಢೀರನೆ ಕುಸಿಯುತ್ತದೆ ಎಂದು. ಹಾಗಾದರೆ ನಿಮ್ಮವರನ್ನೇ ಕಳಿಸಿ, ಖರ್ಚು ನಮ್ಮದು ಎಂದರು ಲಾರೀ. ಹಾಗೆ ಬಂದವರೇ ಬ್ರಂಟನ್. ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ಮದ್ದನ್ನು 1867ರಲ್ಲಿ ಬಳಕೆಗೆ ತಂದವರು ಅವರು. ಹೃದಯದ ಪಂಗಡದವರೇ ಆಗಿದ್ದರಿಂದ ಅವರ ಸಾಕ್ಷ್ಯಕ್ಕೆ ತೂಕವಿತ್ತು.

ಎರಡನೆಯ ಆಯೋಗದಲ್ಲಿ ಬ್ರಂಟನ್, ಲಾರೀ, ಜೆರಾಲ್ಡ್ ಬೊಮ್‌ಫರ್ಡ್, ಡಾ. ರುಸ್ತಂಜಿ ಇದ್ದರು. ನೂರಕ್ಕೂ ಹೆಚ್ಚು ಪ್ರಾಣಿಗಳ ರಕ್ತದೊತ್ತಡವನ್ನು ಯಂತ್ರದಿಂದ ಗೆರೆಯಾಗಿ ಬರೆಸಿ, ಆ ಗೆರೆಗಳ ಫೋಟೋ ತೆಗೆದರು. ಅಂದಿನ ಭಾರತದಲ್ಲಿ ಇಷ್ಟು ದೊಡ್ಡ ಮಟ್ಟದ ಶರೀರಕ್ರಿಯಾ ಪ್ರಯೋಗ ಅಪರೂಪ. ರೊನಾಲ್ಡ್ ರಾಸ್ ಪಕ್ಕದ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡದ್ದು ಇದಾಗಿ ಎಂಟು ವರ್ಷಕ್ಕೆ, 1897ರಲ್ಲಿ.

ಆಯೋಗದವರು ನರಗಳನ್ನು ಮರೆತಿರಲಿಲ್ಲ. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರವನ್ನು ಕೆರಳಿಸಿ ನೋಡಿದರು. ಆ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ, ಕೆಲವೊಮ್ಮೆ ಅರೆಗಳಿಗೆ ನಿಲ್ಲಿಸಿಯೂ ಬಿಡುತ್ತದೆ. ಆದರೆ ಅದರಿಂದ ಪ್ರಾಣಿ ಸಾಯಲಿಲ್ಲ. ಬಡಿತ ತಗ್ಗಿದಾಗ ಹೃದಯಕ್ಕೆ ಸೇರುವ ಕ್ಲೋರೋಫಾರ್ಮ್ ಕೂಡ ತಗ್ಗುತ್ತದೆ, ಹಾಗಾಗಿ ಇದು ದೇಹದ ಕಾವಲು ಎಂದು ಅವರು ವಾದಿಸಿದರು. ಹಲ್ಲು ಕೀಳುವುದು, ಉಗುರು ಕೀಳುವುದು ಮುಂತಾಗಿ ಅಪಾಯಕಾರಿ ಎಂದು ಹೆಸರಾದ ಶಸ್ತ್ರಕ್ರಿಯೆಗಳನ್ನೂ ಪ್ರಾಣಿಗಳ ಮೇಲೆ, ಮಂಪರಿನ ಬೇರೆ ಬೇರೆ ಹಂತಗಳಲ್ಲಿ, ಮಾಡಿ ನೋಡಿದರು. ಆಗಲೂ ಹೃದಯ ನಿಲ್ಲಲಿಲ್ಲ. ಬ್ರಂಟನ್ ಮನಸ್ಸು ಬದಲಿಸಿ ಲಾರೀ ಪಕ್ಷಕ್ಕೆ ಬಂದರು.

ಎಡವಿದ್ದೆಲ್ಲಿ? ಮೊದಲನೆಯದು ಎಣಿಕೆ. ಕ್ಲೋರೋಫಾರ್ಮ್ ಸಾವು ಎರಡು ಮೂರು ಸಾವಿರ ರೋಗಿಗಳಿಗೆ ಒಂದರಂತೆ ಆಗುತ್ತಿತ್ತು. ಇಂಥ ಅಪರೂಪದ ಘಟನೆ ನಾನೂರು ಪ್ರಾಣಿಗಳಲ್ಲಿ ತಾನಾಗಿ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಎರಡನೆಯದು ಪ್ರಶ್ನೆ. ಸಾಯುವ ತನಕ ಕೊಟ್ಟು ನೋಡಿದರೆ, ಎಷ್ಟು ಕೊಟ್ಟರೆ ಪ್ರಾಣಿ ಹೇಗೆ ಸಾಯುತ್ತದೆ ಎಂದು ತಿಳಿಯುತ್ತದೆ. ಇನ್ನೂ ಸರಿಯಾಗಿ ಮಂಪರೇ ಹತ್ತದ ಹನ್ನಾ ಯಾಕೆ ಸತ್ತಳು ಎಂಬುದು ಬೇರೆಯೇ ಪ್ರಶ್ನೆ. ಮೂರನೆಯದು ನರ. ಅವರು ಹಿಡಿದದ್ದು ಹೃದಯವನ್ನು ತಗ್ಗಿಸುವ ನರ. ಹೊಟ್ಟೆಯ ಕಡೆಗೆ ಇಳಿದು ಗ್ರಂಥಿಯೊಂದನ್ನು ಮುಟ್ಟುವ ಇನ್ನೊಂದು ನರವನ್ನು ಹೃದಯದ ಜೊತೆ ಸೇರಿಸಿ ನೋಡಲು ಆಗ ಯಾರಿಗೂ ಕಾರಣವೇ ಇರಲಿಲ್ಲ.

ವಿರೋಧ ಬೇಗನೆ ಬಂತು. 1893ರಲ್ಲಿ ಗ್ಯಾಸ್ಕೆಲ್ ಮತ್ತು ಶೋರ್ ಒಂದು ಪ್ರಾಣಿಯ ಮೆದುಳಿಗೆ ಇನ್ನೊಂದರ ರಕ್ತ ಹರಿಯುವಂತೆ ಜೋಡಿಸಿದರು. ಕ್ಲೋರೋಫಾರ್ಮ್ ಮೆದುಳಿಗೆ ಮಾತ್ರ ಹೋದರೆ ರಕ್ತದೊತ್ತಡ ಬೀಳಲಿಲ್ಲ; ಹೃದಯಕ್ಕೆ ಹೋದಾಗ ಬಿತ್ತು. ಲಾರೀ ಜಗ್ಗಲಿಲ್ಲ. 1901ರಲ್ಲೂ ತಮ್ಮ ಮತವನ್ನೇ ಸಾರುವ ಕೈಪಿಡಿ ಬರೆದರು.

ಗ್ರಂಥಿ ಬಾಯಿ ಬಿಟ್ಟಿತು

ಅಡ್ರಿನಲ್ ಗ್ರಂಥಿ ಹೊಸದೇನಲ್ಲ. ಹದಿನಾರನೆಯ ಶತಮಾನದಲ್ಲೇ ಇಟಲಿಯ ಯೂಸ್ಟೇಷಿಯಸ್ ಅದನ್ನು ಗುರುತಿಸಿದ್ದರು. ಅದು ಕೆಟ್ಟರೆ ಮನುಷ್ಯ ಸೊರಗಿ, ಮೈ ಕಪ್ಪಾಗಿ ಸಾಯುತ್ತಾನೆ ಎಂದು 1855ರಲ್ಲಿ ಥಾಮಸ್ ಆಡಿಸನ್ ತೋರಿಸಿದ್ದರು. ಅದರ ಕೆಲಸ ಮಾತ್ರ ತಿಳಿದಿರಲಿಲ್ಲ.

ಹೈದರಾಬಾದಿನ ತಂತಿ ಹೋಗಿ ಐದು ವರ್ಷವಾಗಿತ್ತು. 1894ರಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಆ ಗ್ರಂಥಿಯ ರಸವನ್ನು ಪ್ರಾಣಿಯ ರಕ್ತನಾಳಕ್ಕೆ ಚುಚ್ಚಿದರು. ರಕ್ತದೊತ್ತಡ ಸರ್ರನೆ ಏರಿತು. ಹಾಗೆ ಏರಿಸುವ ವಸ್ತು ಇರುವುದು ಹೊರಗಿನ ತೊಗಟೆಯಲ್ಲಲ್ಲ, ಒಳಗಿನ ತಿರುಳಿನಲ್ಲಿ ಎಂಬುದೂ ಗೊತ್ತಾಯಿತು. 1901ರ ಹೊತ್ತಿಗೆ ಜಪಾನಿನ ಜೋಕಿಚಿ ತಾಕಾಮಿನೆ ಅಮೆರಿಕದಲ್ಲಿ ಅದನ್ನು ಹರಳಾಗಿ ಬೇರ್ಪಡಿಸಿ ಅಡ್ರಿನಲಿನ್ ಎಂದು ಹೆಸರಿಟ್ಟರು. 'ಹಾರ್ಮೋನು' ಎಂಬ ಪದ ಹುಟ್ಟಿದ್ದು ಇನ್ನೂ ಆಮೇಲೆ, 1905ರಲ್ಲಿ.

ಗ್ರಂಥಿಯಲ್ಲಿ ಇದೆ ಎಂದರೆ ಸಾಲದು. ಅದು ಯಾವಾಗ ಹೊರಬರುತ್ತದೆ? 1899ರಲ್ಲಿ ಜಾರ್ಜ್ ಡ್ರೈಯರ್ ಬೆನ್ನುಹುರಿಯಿಂದ ಹೊಟ್ಟೆಯ ಕಡೆಗೆ ಹೋಗುವ ಸ್ಪ್ಲಾಂಕ್ನಿಕ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರು. ಗ್ರಂಥಿಯಿಂದ ಹೊರಡುವ ಅಭಿಧಮನಿಯ ರಕ್ತವನ್ನು ಹಿಡಿದು ಇನ್ನೊಂದು ಪ್ರಾಣಿಗೆ ಚುಚ್ಚಿ ನೋಡಿದರು. ನರ ಕೆರಳಿದಾಗ ಹಿಡಿದ ರಕ್ತದಲ್ಲಿ ಒತ್ತಡ ಏರಿಸುವ ಗುಣ ಹೆಚ್ಚಿತ್ತು. ಎಂದರೆ ಈ ಗ್ರಂಥಿಯ ಬೀಗದ ಕೈ ನರದ ಬಳಿ ಇದೆ.

ಆ ನರಕ್ಕೆ ಅಪ್ಪಣೆ ಯಾರದು? 1911ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಮತ್ತು ಡೆ ಲಾ ಪಾಸ್ ಬೆಕ್ಕಿನ ಗ್ರಂಥಿಯ ಬಳಿಯಿಂದ ರಕ್ತ ತೆಗೆದರು. ಆಮೇಲೆ ಅದರ ಎದುರಿಗೆ ಬೊಗಳುವ ನಾಯಿಯನ್ನು ತಂದು ನಿಲ್ಲಿಸಿ ಮತ್ತೆ ರಕ್ತ ತೆಗೆದರು. ಕರುಳಿನ ಸ್ನಾಯುವಿನ ಒಂದು ಪಟ್ಟಿಯನ್ನು ಆ ರಕ್ತದಲ್ಲಿ ಅದ್ದಿದರು. ಶಾಂತವಾಗಿದ್ದ ಬೆಕ್ಕಿನ ರಕ್ತದಲ್ಲಿ ಪಟ್ಟಿ ಕುಣಿಯುತ್ತಲೇ ಇತ್ತು. ಬೆದರಿದ ಬೆಕ್ಕಿನ ರಕ್ತದಲ್ಲಿ ಸಡಿಲವಾಗಿ ನಿಂತುಬಿಟ್ಟಿತು. ಅಡ್ರಿನಲಿನ್ ಮಾಡುವುದು ಹಾಗೆಯೇ. ಭಯ ಎಂಬುದು ಈಗ ರಕ್ತದಲ್ಲಿ ಹಿಡಿದು ತೋರಿಸಬಹುದಾದ ವಸ್ತುವಾಯಿತು.

ಹೆದರಿದವರ ಮೇಲೆ ಹಾವು

ಅದೇ ವರ್ಷ ಲಂಡನ್ನಿನಲ್ಲಿ ಎ. ಗುಡ್‌ಮನ್ ಲೆವಿ ಎಂಬ ವೈದ್ಯರು ಬೆಕ್ಕುಗಳಿಗೆ ತೀರ ಕಡಿಮೆ, ಗಾಳಿಯಲ್ಲಿ ನೂರಕ್ಕೆ ಎರಡಕ್ಕಿಂತಲೂ ಕಡಿಮೆ, ಕ್ಲೋರೋಫಾರ್ಮ್ ಕೊಟ್ಟು ನೋಡುತ್ತಿದ್ದರು. ಹೈದರಾಬಾದಿನವರು ಮಾಡಿದ್ದಕ್ಕೆ ಇದು ವಿರುದ್ಧ ದಿಕ್ಕು. ಅರೆಮಂಪರಿನ ಆ ಬೆಕ್ಕಿಗೆ ಒಂದಿಷ್ಟು ಅಡ್ರಿನಲಿನ್ ಚುಚ್ಚಿದರೆ ಹೃದಯದ ಲಯ ತಪ್ಪುತ್ತಿತ್ತು. ಕ್ಷಣದಲ್ಲಿ ಕೆಳಗಿನ ಕೋಣೆಗಳ ಸ್ನಾಯು ಒಂದಾಗಿ ಹಿಂಡುವುದನ್ನು ಬಿಟ್ಟು ಎಳೆಎಳೆಯಾಗಿ ಪತರಗುಟ್ಟುತ್ತಿತ್ತು. ಅಂಥ ಹೃದಯ ರಕ್ತವನ್ನು ತಳ್ಳಲಾರದು, ಪ್ರಾಣಿ ಸಾಯುತ್ತದೆ. ಮನುಷ್ಯರ ದಿಢೀರ್ ಸಾವಿಗೆ ಈ ಕಂಪನವೇ ಕಾರಣವಿರಬಹುದು ಎಂದು ಅಬರ್ಡೀನಿನ ಜಾನ್ ಮ್ಯಾಕ್‌ವಿಲಿಯಂ ಬರೆದದ್ದು 1889ರಲ್ಲಿ, ಹೈದರಾಬಾದಿನ ಆಯೋಗ ಕೂತ ವರ್ಷವೇ. ಎರಡನ್ನೂ ಕೂಡಿಸುವ ಕೊಂಡಿ ಆಗ ಇರಲಿಲ್ಲ.

ಲೆವಿ ಆ ಕೊಂಡಿಯನ್ನು ಹಾಕಿದರು. ಅವರ ಬೆಕ್ಕುಗಳಲ್ಲಿ ಪೂರ್ತಿ ಮಂಪರಿದ್ದಾಗ ಅಪಾಯ ಕಡಿಮೆ. ಅರೆಮಂಪರಿನಲ್ಲಿ, ಅದರಲ್ಲೂ ಕ್ಲೋರೋಫಾರ್ಮನ್ನು ತೆಗೆದು ಮತ್ತೆ ಹಿಡಿದಾಗ, ಅಪಾಯ ಹೆಚ್ಚು. ಅಡ್ರಿನಲಿನ್ ಸೂಜಿಯಿಂದಲೇ ಬರಬೇಕಿಲ್ಲ. ಭಯ, ನೋವು, ಹೆಣಗಾಟ ಸಾಕು. ನರ ಕೆರಳುತ್ತದೆ, ಗ್ರಂಥಿ ಸುರಿಸುತ್ತದೆ. ಅಡ್ರಿನಲಿನ್ ಒಂದೇ ಇದ್ದರೆ ಎದೆ ಡವಗುಟ್ಟಿ ಸುಮ್ಮನಾಗುತ್ತದೆ. ಕ್ಲೋರೋಫಾರ್ಮ್ ಆ ಹೃದಯವನ್ನು ಅಡ್ರಿನಲಿನ್ನಿಗೆ ಅತಿ ಸೂಕ್ಷ್ಮವಾಗಿಸಿ ಇಟ್ಟಿರುತ್ತದೆ. ಹೆದರಿದವರ ಮೇಲೆ ಹಾವು ಎಸೆದಂತೆ, ಒಂದರ ಮೇಲೊಂದು ಬಿದ್ದಾಗ ಹೃದಯ ತಡೆಯಲಾರದು.

ಈಗ ಹನ್ನಾಳ ಸಾವಿಗೆ ಅರ್ಥ ಬಂತು. ಹಲ್ಲು ಕೀಳಿಸುವವರು ಯಾಕೆ ಸಾಯುತ್ತಿದ್ದರು? ಚಿಕ್ಕ ಕೆಲಸ ಎಂದು ಅವರಿಗೆ ಸ್ವಲ್ಪವೇ ಕ್ಲೋರೋಫಾರ್ಮ್ ಕೊಡುತ್ತಿದ್ದರು; ಎಚ್ಚರ ಅರ್ಧ ಉಳಿದಿರುವಾಗಲೇ ಇಕ್ಕಳ ಹಾಕುತ್ತಿದ್ದರು. ಕಾಲು ಕಡಿಸಿಕೊಳ್ಳುವವರಿಗೆ ಪೂರ್ತಿ ಮಂಪರು ಹತ್ತಿಸಿಯೇ ಗರಗಸ ಹಿಡಿಯುತ್ತಿದ್ದರು. ದಯೆಯಿಂದ ಕಡಿಮೆ ಕೊಟ್ಟದ್ದೇ ಕೇಡಾಗುತ್ತಿತ್ತು. ಕನ್ನಡದಲ್ಲಿ ಹೆದರಿಕೆಯಿಂದ ಸತ್ತವರನ್ನು ಎದೆ ಒಡೆದು ಸತ್ತರು ಎನ್ನುತ್ತಾರೆ. ಈ ಮಾತು ಅಷ್ಟೇನೂ ಉತ್ಪ್ರೇಕ್ಷೆಯಲ್ಲ ಎಂದು ಲೆವಿಯವರ ಬೆಕ್ಕುಗಳು ತೋರಿಸಿದವು.

ಲಾರೀ ಅವರ ಪಾಠದ ಅಪಾಯವೂ ಇಲ್ಲೇ ಇದೆ. ಹೃದಯ ಹೀಗೆ ಕಂಪಿಸತೊಡಗಿದ ಮೇಲೂ ಉಸಿರು ಸ್ವಲ್ಪ ಹೊತ್ತು ಆಡುತ್ತದೆ. ಉಸಿರನ್ನಷ್ಟೇ ನೋಡುತ್ತಿರುವವನಿಗೆ ಸುದ್ದಿ ತಿಳಿಯುವುದು ತಡವಾಗಿ. ನಾಡಿ ಬೇಡ ಎಂದು ಕಲಿಸಿದ್ದು ಕೈಯಲ್ಲಿದ್ದ ಒಂದು ಕಾವಲನ್ನು ಕಳೆದಂತೆ.

ಒಂದೇ ಸಂಚಿಯಲ್ಲಿ

ಗ್ರಂಥಿಯ ಒಳಗಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ನರ ಗ್ರಂಥಿಗೆ ಏನು ಹೇಳುತ್ತದೆ ಎಂಬುದನ್ನು 1934ರ ಹೊತ್ತಿಗೆ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಬಿಡಿಸಿದರು. ಯಹೂದಿ ಎಂಬ ಕಾರಣಕ್ಕೆ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಲಂಡನ್ನಿಗೆ ಬಂದವರು ಅವರು. ಸ್ಪ್ಲಾಂಕ್ನಿಕ್ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಅಡ್ರಿನಲಿನ್ನಿಗೆ ಬಾಗಿಲು ತೆರೆಸುವುದು ಅದೇ. ಅಷ್ಟು ಸಣ್ಣ ಪ್ರಮಾಣವನ್ನು ಅವರು ಅಳೆದದ್ದು ಜಿಗಣೆಯ ಸ್ನಾಯು ಎಷ್ಟು ಕುಗ್ಗುತ್ತದೆ ಎಂದು ನೋಡಿ. 1961ರಲ್ಲಿ ಡಗ್ಲಸ್ ಮತ್ತು ರೂಬಿನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅಸಿಟೈಲ್‌ಕೋಲಿನ್ ಎಷ್ಟು ಬಂದರೂ ಗ್ರಂಥಿ ಸುರಿಸುವುದಿಲ್ಲ ಎಂದು ತೋರಿಸಿದರು.

ಇಂದಿನ ಚಿತ್ರ ಹೀಗಿದೆ. ತಿರುಳಿನ ಜೀವಕೋಶಗಳು ಹುಟ್ಟಿನಿಂದ ನರಗಳ ಸೋದರರು. ಭ್ರೂಣದಲ್ಲಿ ಅವೆರಡೂ ಒಂದೇ ಅಂಗಾಂಶದಿಂದ ಬರುತ್ತವೆ. ಬಾಲವಿಲ್ಲದ ನರಕೋಶ ಎನ್ನಬಹುದು. ಪ್ರತಿ ಕೋಶದಲ್ಲೂ ಸಾವಿರಾರು ಪುಟ್ಟ ಸಂಚಿಗಳಿವೆ. ನರದಿಂದ ಅಸಿಟೈಲ್‌ಕೋಲಿನ್ ಬಂದು ತಾಗಿದಾಗ ಕೋಶದ ಒಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಸಂಚಿಗಳು ಕೋಶದ ಅಂಚಿಗೆ ಬೆಸೆದುಕೊಂಡು ಒಳಗಿರುವುದನ್ನು ಹೊರಕ್ಕೆ ಚೆಲ್ಲುತ್ತವೆ. ಪಕ್ಕದಲ್ಲೇ ಹರಿಯುವ ರಕ್ತ ಅದನ್ನು ಹೊತ್ತು ಹೃದಯಕ್ಕೆ ಮುಟ್ಟಿಸುತ್ತದೆ. ಎದೆ ಝಲ್ಲೆಂದಿತು ಎನ್ನುವಷ್ಟರಲ್ಲಿ ಇಷ್ಟೂ ನಡೆದಿರುತ್ತದೆ.

ಸಂಚಿಯಲ್ಲಿ ಅಡ್ರಿನಲಿನ್ ಒಂದೇ ಇರುವುದಿಲ್ಲ. ನೋರ್‌ಅಡ್ರಿನಲಿನ್ ಇದೆ, ಕ್ರೋಮೋಗ್ರಾನಿನ್ ಎಂಬ ಪ್ರೋಟೀನು ಇದೆ. ಪೆಪ್ಟೈಡುಗಳೂ, ಎಂದರೆ ಅಮೈನೋ ಆಮ್ಲಗಳ ಚಿಕ್ಕ ಸರಗಳೂ, ಇವೆ. ಅವುಗಳಲ್ಲಿ ಎನ್‌ಕೆಫಲಿನ್ ಮುಖ್ಯ. ಅಫೀಮಿನಂತೆ ನೋವನ್ನು ತಗ್ಗಿಸುವ ಈ ವಸ್ತುವನ್ನು 1975ರಲ್ಲಿ ಮೊದಲು ಮೆದುಳಿನಲ್ಲಿ ಕಂಡವರು ಅಬರ್ಡೀನಿನ ಹ್ಯೂಸ್ ಮತ್ತು ಕೋಸ್ಟರ್ಲಿಟ್ಸ್. ನಾಲ್ಕೇ ವರ್ಷದಲ್ಲಿ ಅದು ಅಡ್ರಿನಲ್ ತಿರುಳಿನಲ್ಲೂ ಸಿಕ್ಕಿತು, ಅದೂ ಅಡ್ರಿನಲಿನ್ ಜೊತೆಯಲ್ಲೇ ಹೊರಬರುತ್ತ. ನರದ ಸಂಕೇತ ನಿಧಾನವಾಗಿದ್ದಾಗ ಸಂಚಿಯ ಬಾಯಿ ಅರೆ ತೆರೆದು ಚಿಕ್ಕ ಅಣುವಾದ ಅಡ್ರಿನಲಿನ್ ಮಾತ್ರ ಜಿನುಗುತ್ತದೆ. ಸಂಕೇತ ದಡಬಡನೆ ಬಂದಾಗ ಬಾಯಿ ಪೂರ್ತಿ ತೆರೆದು ದೊಡ್ಡ ಪೆಪ್ಟೈಡುಗಳೂ ಚೆಲ್ಲುತ್ತವೆ. ಮೆಟ್ಟಿಲು ಹತ್ತುವವರ ಗ್ರಂಥಿಗೂ ಪ್ರಾಣಭಯದಲ್ಲಿರುವವರ ಗ್ರಂಥಿಗೂ ಇರುವ ವ್ಯತ್ಯಾಸ ಪ್ರಮಾಣದ್ದಷ್ಟೇ ಅಲ್ಲ, ಸುರಿಯುವ ಸರಕಿನದೂ ಹೌದು.

ಉಳಿದ ಸೂಚನೆ

ಹೈದರಾಬಾದಿನ ಆಯೋಗ ವೈದ್ಯರಿಗೆಂದು ಕೆಲವು ವ್ಯಾವಹಾರಿಕ ಸೂಚನೆಗಳನ್ನು ಬರೆದಿತ್ತು. ರೋಗಿಯನ್ನು ಮಲಗಿಸಿ, ಕೊರಳು, ಎದೆ, ಹೊಟ್ಟೆಯ ಮೇಲಿನ ಬಿಗಿ ಬಟ್ಟೆಗಳನ್ನು ಸಡಿಲಿಸಬೇಕು. ಉಸಿರಾಟ ಸಮವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಗೆ ಪೂರ್ತಿ ಮಂಪರು ಹತ್ತುವ ಮೊದಲು ಯಾವ ಕಾರಣಕ್ಕೂ ಶಸ್ತ್ರಕ್ರಿಯೆ ಶುರು ಮಾಡಬಾರದು. ಮಾಡಿದರೆ ಆಘಾತದಿಂದಲೋ ಭಯದಿಂದಲೋ ಸಾವು ಬರಬಹುದು. ಇಪ್ಪತ್ತು ವರ್ಷದ ನಂತರ ಬೇರೆ ದಾರಿಯಲ್ಲಿ ಬಂದ ಲೆವಿಯವರ ಸಲಹೆಯೂ ಇದೇ ಆಗಿತ್ತು. ಹೃದಯಕ್ಕೆ ಅಪಾಯವೇ ಇಲ್ಲ ಎಂದವರು ಹೃದಯವನ್ನು ಕಾಯುವ ಕ್ರಮವನ್ನೇ ಬರೆದಿಟ್ಟಿದ್ದರು. ಲಾರೀ ಅವರ ಕೈಯಲ್ಲಿ ಕ್ಲೋರೋಫಾರ್ಮ್ ಅಷ್ಟು ಸಲೀಸಾಗಿ ನಡೆದದ್ದಕ್ಕೆ ಅವರು ನಂಬಿದ ಸಿದ್ಧಾಂತಕ್ಕಿಂತ ಈ ಶಿಸ್ತೇ ಹೆಚ್ಚು ಕಾರಣವಾಗಿರಬೇಕು.

ಕ್ಲೋರೋಫಾರ್ಮ್ ಈಗ ಶಸ್ತ್ರಕ್ರಿಯೆಯ ಕೋಣೆಯಲ್ಲಿಲ್ಲ. 1956ರಲ್ಲಿ ಬಂದ ಹ್ಯಾಲೋಥೇನ್ ಅದರ ಜಾಗ ಹಿಡಿಯಿತು. ಆದರೆ ಅದೂ ಹೃದಯವನ್ನು ಅಡ್ರಿನಲಿನ್ನಿಗೆ ಸೂಕ್ಷ್ಮವಾಗಿಸುತ್ತಿತ್ತು. ರಕ್ತ ಸೋರದಿರಲೆಂದು ಶಸ್ತ್ರವೈದ್ಯರು ಗಾಯದ ಬಳಿ ಅಡ್ರಿನಲಿನ್ ಚುಚ್ಚುವ ಮುನ್ನ ಅರಿವಳಿಕೆ ವೈದ್ಯರನ್ನು ಕೇಳಿ, ಪ್ರಮಾಣ ಲೆಕ್ಕ ಹಾಕಬೇಕಿತ್ತು. ಈಗಿನ ಮದ್ದುಗಳಲ್ಲಿ ಆ ಕಾಟ ಬಹಳ ಕಡಿಮೆ. ಹಾಗಿದ್ದರೂ ಅರಿವಳಿಕೆ ವೈದ್ಯರು ಮುಂಚೆಯೇ ಬಂದು ರೋಗಿಯನ್ನು ಮಾತನಾಡಿಸುತ್ತಾರೆ, ಏನೇನು ಆಗುತ್ತದೆ ಎಂದು ಹೇಳುತ್ತಾರೆ. ತೀರ ಕಂಗೆಟ್ಟವರಿಗೆ ಮನಸ್ಸು ತಿಳಿಯಾಗಲು ಒಂದು ಮಾತ್ರೆಯನ್ನೂ ಕೊಡುತ್ತಾರೆ. ಮೇಜಿನ ಮೇಲೆ ಉಸಿರನ್ನೂ ನಾಡಿಯನ್ನೂ ಹೃದಯದ ಗೆರೆಯನ್ನೂ ಒಟ್ಟಿಗೇ ನೋಡುತ್ತಾರೆ. ಚಾಕು ಮುಟ್ಟುವ ಮೊದಲು ಮಂಪರು ಪೂರ್ತಿಯಾಗಿದೆಯೇ ಎಂದು ಖಚಿತ ಮಾಡಿಕೊಳ್ಳುತ್ತಾರೆ.